ಮಗಳ ಸಹಪಾಠಿ

ಹೋದ ವರ್ಷ ಸುಮಾರು ಎರಡು ತಿಂಗಳ ಕಾಲ, ವಾರಕ್ಕೆ ಎರಡು ಸಂಜೆ, ನಮ್ಮ ಭಾವನಿಗೆ ಮಕ್ಕಳಿರಲಿಲ್ಲ!

ಗಾಬರಿ ಬೇಡ. ಉಳಿದ ದಿನಗಳಲ್ಲಿ ಅವರಿಗೆ ಒಬ್ಬಳು ಮಗಳಿದ್ದಳು, ಈಗಲೂ ಇದ್ದಾಳೆ. ಸೋಮವಾರ ಮತ್ತು ಬುಧವಾರದ ಸಂಜೆ ಮಾತ್ರ ಅವರು ಸಂತಾನವಿಲ್ಲದ ಮನುಷ್ಯರಾಗುತ್ತಿದ್ದರು. ಆ ಹೊತ್ತಿನಲ್ಲಿ ಮಗಳು ಎದುರಿಗೆ ಬಂದರೆ ‘ಯಾರಪ್ಪಾ ಈ ಹುಡುಗಿ’ ಎಂಬ ಮುಖ ಮಾಡಬೇಕಿತ್ತು. ಅವಳು ಸೀನಿದರೆ ‘ನೂರು ವರ್ಷ ಬಾಳು’ ಎನ್ನುವಂತಿಲ್ಲ. ಕೆಮ್ಮಿದರೆ ನೀರಿನ ಬಾಟಲಿ ಚಾಚುವಂತಿಲ್ಲ. ಇದು ಅಪ್ಪ ಮಗಳು ಕೂತು ಮಾತಾಡಿ ಮಾಡಿಕೊಂಡ ಒಪ್ಪಂದ. ಯಾಕೆಂದರೆ ಆ ಎರಡು ಸಂಜೆ ಇಬ್ಬರೂ ಒಂದೇ ಕಮ್ಯೂನಿಟಿ ಕಾಲೇಜಿನ ಒಂದೇ ತರಗತಿಯಲ್ಲಿ ‘ಇತಿಹಾಸ ಮತ್ತು ಸರ್ಕಾರ’ ಎಂಬ ವಿಷಯ ಓದುತ್ತಿದ್ದರು!

ಭಾವ ಎಂದರೆ ನನ್ನ ಅಕ್ಕನ ಗಂಡ. ನಮ್ಮ ಬಾಗಲಕೋಟೆ ಕಡೆ ಅಕ್ಕನ ಗಂಡನಿಗೆ ಮಾಮಾ ಅನ್ನುತ್ತೇವೆ, ಆದರೆ ಬರೆಯುವಾಗ ಭಾವ ಎಂದೇ ಇರಲಿ, ಗೌರವ ಸ್ವಲ್ಪ ಹೆಚ್ಚಿದಂತೆ ಕಾಣುತ್ತದೆ. ಕುವೈತಿನ ಶುಐಬಾದ ಒಂದು ಕಾರ್ಖಾನೆಯಲ್ಲಿ ಅವರು ವಾಲ್ವು, ಮೀಟರು, ಗೇಜುಗಳನ್ನು ನೋಡಿಕೊಳ್ಳುವ ಸೂಪರ್‌ವೈಸರ್. ಮನೆ ಮಹಬೂಲಾದಲ್ಲಿ, ಹನ್ನೊಂದನೆಯ ಮಹಡಿ. ಇಲ್ಲಿಗೆ ಬಂದ ಮೇಲೆ ಅವರ ತಲೆಕೂದಲು ಹೋಯಿತು, ಹೊಟ್ಟೆ ಬಂತು. ಆದರೆ ಕಾರ್ಖಾನೆಯ ಶಿಸ್ತು ಮಾತ್ರ ಒಂದು ಕೂದಲಿನಷ್ಟೂ ಕೊಂಕಲಿಲ್ಲ. ತೊಂದರೆ ಏನೆಂದರೆ, ಆ ಶಿಸ್ತನ್ನು ಅವರು ಕಾರ್ಖಾನೆಯಲ್ಲಿಯೇ ಬಿಟ್ಟು ಬರುವುದಿಲ್ಲ!

ಅಲ್ಲಿ ಒಂದು ನಿಯಮವಿದೆಯಂತೆ. ಯಾವುದಾದರೂ ಯಂತ್ರವನ್ನು ರಿಪೇರಿಗೆ ನಿಲ್ಲಿಸಿದರೆ, ಕೆಲಸ ಮಾಡುವವನು ಅದರ ಸ್ವಿಚ್ಚಿಗೆ ತನ್ನದೇ ಕೆಂಪು ಬೀಗ ಜಡಿದು, ‘ಅಪಾಯ, ಮುಟ್ಟಬೇಡಿ’ ಎಂದು ತನ್ನ ಫೋಟೋ ಇರುವ ಪಟ್ಟಿ ನೇತುಹಾಕಿ, ಬೀಗದ ಕೈಯನ್ನು ಜೇಬಿನಲ್ಲಿಟ್ಟುಕೊಳ್ಳಬೇಕು. ಹಾಕಿದವನೇ ಬಂದು ತೆಗೆಯುವವರೆಗೆ ಮ್ಯಾನೇಜರ್ ಬಂದರೂ ಆ ಬೀಗ ಮುಟ್ಟುವಂತಿಲ್ಲ. ಜೀವ ಉಳಿಸುವ ನಿಯಮ, ಒಪ್ಪಿಕೊಳ್ಳೋಣ. ಆದರೆ ಮಿಕ್ಸರಿಗೆ? ಬಚ್ಚಲಮನೆಯ ಗೀಸರಿಗೆ? ಒಮ್ಮೆ ಗೀಸರ್ ತೊಟ್ಟಿಕ್ಕುತ್ತದೆಂದು ಕೆಂಪು ಬೀಗ ಜಡಿದು ಡ್ಯೂಟಿಗೆ ಹೋದರು. ಅದು ಜನವರಿ ತಿಂಗಳ ಚಳಿ. ಅಕ್ಕ ಟವೆಲ್ಲು, ಸೋಪು ಹಿಡಿದು ಟ್ಯಾಕ್ಸಿ ಮಾಡಿಕೊಂಡು ಸಾಲ್ಮಿಯಾದ ನಮ್ಮ ಮನೆಗೆ ಸ್ನಾನಕ್ಕೆ ಬಂದಳು!

“ಬೀಗಾ ಒಡದು ಒಗೀಬೇಕಿತ್ತಲ್ಲ ಅಕ್ಕಾ,” ಎಂದೆ.

“ಹೆಂಗ ಒಡೀಲೇ? ಗೀಸರ್ ಮ್ಯಾಲ ಅವರ ಫೋಟೋ ನೇತಾಡಾಕತ್ತೈತಿ. ಕಣ್ಣ ಬಿಟ್ಟು ನನ್ನ ನೋಡ್ತೈತಿ!” ಎಂದಳು ಅಕ್ಕ.

ಇಂಥ ಮನುಷ್ಯ ಐವತ್ನಾಲ್ಕನೆಯ ವಯಸ್ಸಿನಲ್ಲಿ ಇತಿಹಾಸ ಓದಲು ಹೊರಟಾಗ ನಮ್ಮ ಕನ್ನಡದ ಮಂದಿಯಲ್ಲಿ ಬಗೆಬಗೆಯ ಊಹೆ ಹುಟ್ಟಿತು. ಊರಿಗೆ ಹೋಗಿ ಎಲೆಕ್ಷನ್ನಿಗೆ ನಿಲ್ಲುತ್ತಾರೆ ಎಂದರು ಕೆಲವರು. ನಮ್ಮ ಸಂಘದ ಅಧ್ಯಕ್ಷರಿಗಂತೂ, ಇದು ತಮ್ಮ ಕುರ್ಚಿಗೇ ಇಟ್ಟ ಗುರಿ ಎಂದು ಖಚಿತವಾಗಿ, ಭಾವನನ್ನು ಕಂಡಾಗಲೆಲ್ಲ ಎರಡೆರಡು ಸಲ ಟೀ ಕುಡಿಸತೊಡಗಿದರು. ನಿಜ ಸಂಗತಿ ನನಗೆ ಗೊತ್ತಿತ್ತು. ಅದನ್ನು ಭಾವನೇ ಒಂದು ಶುಕ್ರವಾರ ನಮ್ಮ ಮನೆಯಲ್ಲಿ ಬಿಸಿ ರೊಟ್ಟಿ ಮುರಿಯುತ್ತಾ ಹೇಳಿದ್ದರು.

“ನೋಡವಾ ತಂಗಿ, ಶ್ರೇಯಾ ಸಣ್ಣಾಕಿ ಇದ್ದಾಗ ನಂದು ಶಿಫ್ಟ್ ಡ್ಯೂಟಿ. ನಾ ಮನಿಗೆ ಬಂದ್ರ ಆಕಿ ಮಲಗಿರ್ತಿದ್ಲು, ಆಕಿ ಎದ್ರ ನಾ ಮಲಗಿರ್ತಿದ್ದೆ. ಈಗ ಇಬ್ಬರೂ ಎಚ್ಚರ ಇರ್ತೀವಿ, ಖರೆ. ಆದ್ರ ಊಟಾ ಆತೇನವಾ ಅಂತ ಕೇಳ್ತೀನಿ, ‘ಯಾ’ ಅಂತಾಳ. ಅದರ ಮುಂದಿಂದು ಏನ್ ಕೇಳ್ಬೇಕು ಅನ್ನೂದ ನನಗ ತಿಳಿಯಂಗಿಲ್ಲ. ಈ ಟರ್ಮ್ ಮುಗಿದ್ರ ಐರ್ಲೆಂಡಿಗೆ ಓದಾಕ ಹೊಂಟಾಳ. ಒಂದ ಕ್ಲಾಸಿನ್ಯಾಗ ಕುಂತ್ರ ಮಾತಾಡಾಕ ಒಂದು ವಿಷಯಾ ಆದ್ರೂ ಸಿಗ್ತೈತಿ, ಹೌದಲ್ಲ?”

ಸಂಜೆಯ ತರಗತಿಗೆ ವಯಸ್ಸಿನ ಮಿತಿ ಇರಲಿಲ್ಲ. ಭಾವ ಮಗಳಿಗೆ ಹೇಳದೆ ಹೆಸರು ಹಚ್ಚಿ ಬಂದರು. ಹೇಳಿದ ದಿನ ಮನೆಯಲ್ಲಿ ಬಾಗಿಲು ಬಡಿದ ಸದ್ದು ಕೆಳಗಿನ ಮಹಡಿಗೂ ಕೇಳಿಸಿತಂತೆ. ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳೆಲ್ಲರ ಹಾಗೆ ಶ್ರೇಯಾಗೂ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ಆ ದಿನದ ಉತ್ತರ ಕೊಂಚ ಜೋರಾಗಿಯೇ ಬಂತು: “ಫೈನ್! ಬಟ್ ಯೂ ಡೋಂಟ್ ನೋ ಮಿ!” ಕ್ಲಾಸಿನಲ್ಲಿ ಯಾರಿಗೂ ನೀನು ನನ್ನ ಅಪ್ಪ ಎಂದು ಗೊತ್ತಾಗಕೂಡದು, ಕಾರನ್ನು ಹಿಂದಿನ ಸಿಗ್ನಲ್ಲಿನಲ್ಲೇ ನಿಲ್ಲಿಸಬೇಕು, ಪಕ್ಕದಲ್ಲಿ ಕೂರಬಾರದು. ಇಷ್ಟಕ್ಕೆಲ್ಲ ಭಾವ ಒಪ್ಪಿದರು. ಇಕಾಮಾದ, ಅಂದರೆ ಇಲ್ಲಿ ವಾಸಿಸುವ ಪರವಾನಗಿಯ, ಷರತ್ತುಗಳನ್ನೇ ಬಾಯಿ ಮುಚ್ಚಿಕೊಂಡು ಒಪ್ಪಿದವರಿಗೆ ಇದು ಯಾವ ಲೆಕ್ಕ?

ಒಪ್ಪುವುದೇನೋ ಒಪ್ಪಿದರು, ನಡೆದುಕೊಳ್ಳುವುದು ಸುಲಭವೇ? ಮೊದಲ ವಾರವೇ ಕ್ಲಾಸಿನಲ್ಲಿ ಏಸಿ ಜೋರಾಗಿತ್ತಂತೆ. ಹಿಂದಿನ ಸಾಲಿನಲ್ಲಿ ಶ್ರೇಯಾ ಕೈ ಕಟ್ಟಿಕೊಂಡು ನಡುಗುತ್ತಿದ್ದಾಳೆ, ಸ್ವೆಟರು ಅವಳ ಚೀಲದಲ್ಲೇ ಇದೆ. ಮಗಳೊಡನೆ ಮಾತಾಡುವಂತಿಲ್ಲ. ಭಾವ ಬಹಳ ಹೊತ್ತು ಒದ್ದಾಡಿ, ಕೊನೆಗೆ ಎದ್ದು ನಿಂತು, ಇಡೀ ತರಗತಿಗೆ ಪ್ರಕಟಣೆ ಹೊರಡಿಸಿದರು: “ಇಟ್ ಈಸ್ ವೆರಿ ಕೋಲ್ಡ್. ಆಲ್ ಸ್ಟೂಡೆಂಟ್ಸ್ ಪ್ಲೀಸ್ ವೇರ್ ಸ್ವೆಟರ್!” ಹುಡುಗರು ನಕ್ಕರು. ಒಬ್ಬ ಫಿಲಿಪಿನೋ ಹುಡುಗ ನಿಜವಾಗಿಯೂ ಹಾಕಿಕೊಂಡನಂತೆ. ಹಾಕಿಕೊಳ್ಳದವಳು ಒಬ್ಬಳೇ.

ಪಾಠ ಮಾಡುವ ಪ್ರೊಫೆಸರ್ ಲೆಬನಾನಿನವರು, ಭಾವನಿಗಿಂತ ಚಿಕ್ಕವರು, ಸಮಾಧಾನದ ಮನುಷ್ಯ. ಆ ಸಮಾಧಾನವನ್ನು ಭಾವ ಚೆನ್ನಾಗಿಯೇ ಪರೀಕ್ಷಿಸಿದರು. ಫ್ರಾನ್ಸಿನ ಕ್ರಾಂತಿ ಯಾಕಾಯಿತು ಎಂದು ಪ್ರೊಫೆಸರ್ ಕೇಳಿದರೆ ಭಾವನ ಕೈ ಮೇಲೆ: “ನೋ ಸೇಫ್ಟಿ ವಾಲ್ವ್, ಸರ್. ಪ್ರೆಶರ್ ಬಿಲ್ಡ್ ಅಪ್.” ಪ್ರೊಫೆಸರ್ ಬಹಳ ಮೆಚ್ಚಿ ಬೋರ್ಡಿನ ಮೇಲೆ ಬರೆದರು. ಅಲ್ಲಿಗೆ ಕೆಟ್ಟಿತು! ರೋಮ್ ಸಾಮ್ರಾಜ್ಯ ಯಾಕೆ ಬಿತ್ತು? ವಾಲ್ವ್ ಲೀಕ್, ಸರ್. ಸಂಸತ್ತಿಗೆ ಎರಡು ಸದನ ಯಾಕೆ? ಒನ್ ವಾಲ್ವ್ ಈಸ್ ಸ್ಟ್ಯಾಂಡ್‌ಬೈ, ಸರ್. ಮೂರನೆಯ ವಾರದಲ್ಲಿ ಪ್ರೊಫೆಸರ್ ಒಳಗೆ ಬರುತ್ತಲೇ ಕೈಮುಗಿದರಂತೆ: “ಮೈ ಫ್ರೆಂಡ್, ಟುಡೇ ನೋ ವಾಲ್ವ್.”

ಕಲಿತದ್ದನ್ನು ಮನೆಯಲ್ಲಿ ಪ್ರಯೋಗಿಸದಿದ್ದರೆ ಅವರು ನಮ್ಮ ಭಾವನೇ ಅಲ್ಲ. ಅಧಿಕಾರ ಒಬ್ಬರ ಕೈಯಲ್ಲಿ ಇರಬಾರದು, ಮೂರು ಭಾಗವಾಗಬೇಕು ಎಂದು ಕಲಿತ ದಿನ ಅಕ್ಕನೆದುರು ಕುರ್ಚಿ ಎಳೆದುಕೊಂಡು ಕೂತರು. ನಾನೂ ಅಲ್ಲಿದ್ದೆ.

“ಈ ಮನ್ಯಾಗ ಕಾನೂನು ಮಾಡಾಕಿ ನೀ ಇರು. ಅದನ್ನ ಜಾರಿ ಮಾಡಾಂವ ನಾ. ತಪ್ಪು ಒಪ್ಪು ನೋಡಾಕಿ ಶ್ರೇಯಾ. ಹೆಂಗೈತಿ?”

“ಈಗ ಹೆಂಗ ನಡದೈತಿ?” ಎಂದು ಕೇಳಿದಳು ಅಕ್ಕ.

“ಈಗ ಮೂರೂ ನಿನ್ನ ಕೈಯಾಗ ಅದಾವಲ್ಲ, ಅದ ತ್ರಾಸು.”

“ಹಂಗಾರ ಹಿಂಗ ಮಾಡೂಣು. ನೀವು ಬೆಂಡಿಕಾಯಿ ಹೆಚ್ಚಿ ಜಾರಿ ಮಾಡ್ರಿ. ಉಳಿದದ್ದು ಆಮ್ಯಾಲ ನೋಡೂಣಂತ.”

ಭಾವ ಬೆಂಡೆಕಾಯಿ ಹೆಚ್ಚಿದರು. ಒಳಗಿನ ಕೋಣೆಯಲ್ಲಿ ಶ್ರೇಯಾ ನಕ್ಕಂತೆ ನನಗೆ ಕೇಳಿಸಿತು, ಭಾವನಿಗೂ ಕೇಳಿಸಿರಬೇಕು, ಕತ್ತಿ ಹಿಡಿದ ಕೈ ಒಂದು ಕ್ಷಣ ನಿಂತಿತು.

ಆ ಮೇಲೆ ವಿಧಿ ಆಟ ಶುರುಮಾಡಿತು. ಅರ್ಧ ಟರ್ಮಿನ ವರದಿಯನ್ನು ಇಬ್ಬಿಬ್ಬರು ಸೇರಿ ಬರೆಯಬೇಕು, ಅಡ್ಡಹೆಸರಿನ, ಅಂದರೆ ಮನೆತನದ ಹೆಸರಿನ, ಅಕ್ಷರದ ಪ್ರಕಾರ ಜೋಡಿ ಮಾಡುತ್ತೇನೆ ಎಂದರು ಪ್ರೊಫೆಸರ್. ಒಂದೇ ಅಡ್ಡಹೆಸರಿನವರು ಇಬ್ಬರೇ! ನಿಮ್ಮದು ಒಂದೇ ಕುಟುಂಬವೋ ಎಂದು ಅವರು ಕೇಳಿದಾಗ ಶ್ರೇಯಾಳ ಮುಖ ಬಿಳಿಚಿತು. ಭಾವ ಮಾತ್ರ ಹಿಂತಿರುಗಿಯೂ ನೋಡದೆ, “ನೋ ಸರ್, ವೆರಿ ಕಾಮನ್ ನೇಮ್. ಇನ್ ಮೈ ಪ್ಲೇಸ್, ಒನ್ ಸ್ಟ್ರೀಟ್, ಟ್ವೆಂಟಿ ಪೀಪಲ್,” ಎಂದುಬಿಟ್ಟರು. ಸತ್ಯಸಂಧ ಮನುಷ್ಯ, ಕೊಟ್ಟ ಮಾತಿಗಾಗಿ ಸುಳ್ಳು ಹೇಳಿದರು.

ವರದಿಯ ವಿಷಯ, ನಿಮಗೆ ಗೊತ್ತಿರುವ ಒಂದು ಜಾಗದಲ್ಲಿ ನಿಜವಾದ ಅಧಿಕಾರ ಯಾರ ಕೈಯಲ್ಲಿದೆ ಎಂಬುದು. ಅಪ್ಪ ಮಗಳು ಆರಿಸಿಕೊಂಡದ್ದು ತಮ್ಮದೇ ಕಟ್ಟಡದ ಹಾರಿಸ್‌ನನ್ನು. ಹಾರಿಸ್ ಎಂದರೆ ಕಟ್ಟಡ ಕಾಯುವವನು. ಈಜಿಪ್ಟಿನವನು, ನೆರಳಿನಲ್ಲಿ ಯಾರ ಕಾರು ನಿಲ್ಲಬೇಕೆಂದು ನಿಯಮ ಮಾಡುವವನೂ ಅವನೇ, ಕಾರು ತೆಗೆಸುವವನೂ ಅವನೇ, ಜಗಳ ಬಂದರೆ ತೀರ್ಪು ಕೊಡುವವನೂ ಅವನೇ. ಮನೆಮಾಲೀಕ ಬಂದರೂ ಅವನ ಕಡೆ ನೋಡಿಯೇ ಗಾಡಿ ನಿಲ್ಲಿಸುತ್ತಾನೆ. ಇಬ್ಬರೂ ಸಂಜೆ ಕೆಳಗಿಳಿದು ಅವನ ಆಡಳಿತವನ್ನು ಗಮನಿಸತೊಡಗಿದರು. ನಾನು ಫೋನು ಮಾಡಿದರೆ ಅಕ್ಕ, “ಇಬ್ಬರೂ ಪಾರ್ಕಿಂಗಿನ್ಯಾಗ ಅದಾರ. ಏನ ಮಾತಾಡ್ತಾರೋ ಏನೋ, ಊಟಕ್ಕ ಕರದ್ರೂ ಬರವಲ್ರು,” ಎನ್ನುತ್ತಿದ್ದಳು. ದೂರುವ ಹಾಗೆ ಹೇಳುತ್ತಿದ್ದಳು, ದನಿಯಲ್ಲಿ ದೂರು ಇರುತ್ತಿರಲಿಲ್ಲ.

ವರದಿ ಮುಗಿಯಿತು. ಶ್ರೇಯಾ ಅದನ್ನು ಅಚ್ಚು ಹಾಕಿಸಿ ನೀಲಿ ರಟ್ಟು ಕಟ್ಟಿಸಿದಳು. ಕೈಯಲ್ಲೇ ತಂದು ಕೊಡಬೇಕು, ತಡವಾದರೆ ಸೊನ್ನೆ, ಇದು ಪ್ರೊಫೆಸರರ ಕಟ್ಟಪ್ಪಣೆ. ಐರ್ಲೆಂಡಿನ ಸೀಟು ಖಾಯಂ ಆಗಬೇಕಾದರೆ ಈ ವಿಷಯದಲ್ಲಿ ಒಳ್ಳೆಯ ಅಂಕ ಬೇಕು, ಅಂಕದಲ್ಲಿ ಅರ್ಧ ಪಾಲು ಈ ವರದಿಯದು. ಕೊಡಬೇಕಾದ ದಿನ ಬುಧವಾರ ಸಂಜೆ ಆರು ಗಂಟೆ. ಆ ಬುಧವಾರವೇ ಮಹಾನವಮಿ!

ನಮ್ಮ ಕಡೆ ನವಮಿಯ ದಿನ ಖಂಡೆ ಪೂಜೆ, ಅಂದರೆ ಆಯುಧಪೂಜೆ, ಎಷ್ಟು ನಿಷ್ಠೆಯದೆಂದು ಗೊತ್ತಿದ್ದವರಿಗೆ ಮುಂದಿನದು ಹೇಳಬೇಕಿಲ್ಲ. ದುಡಿಯುವವನ ಸಾಮಾನು, ಓದುವವರ ಪುಸ್ತಕ ಎಲ್ಲ ದೇವರ ಮುಂದೆ. ಪೂಜೆಗಿಟ್ಟದ್ದನ್ನು ದಶಮಿಯ ಬೆಳಿಗ್ಗೆವರೆಗೆ ಮುಟ್ಟಬಾರದು. ನಾನು ಹಬ್ಬದ ಊಟಕ್ಕೆಂದು ರಜೆ ಹಾಕಿ ಹೋಗಿದ್ದೆ. ದೇವರ ಕಪಾಟಿನಲ್ಲಿ ಭಾವನ ಸ್ಪ್ಯಾನರು, ಮೀಟರು, ಎರಡು ಲ್ಯಾಪ್‌ಟಾಪು, ಪುಸ್ತಕಗಳು, ಎಲ್ಲದರ ಮೇಲೆ ನೀಲಿ ರಟ್ಟಿನ ವರದಿ. ಅದಕ್ಕೆ ಅರಿಶಿನ, ಕುಂಕುಮ, ಒಂದು ಚೆಂಡುಹೂ. ಶ್ರೇಯಾ ಸ್ನಾನಕ್ಕೆ ಹೋದಾಗ ಭಾವ ಇಟ್ಟದ್ದು. ನಾಲ್ಕು ಗಂಟೆಗೆ ದೇವಿಯ ಅಪ್ಪಣೆ ಕೇಳಿ, ತೆಂಗಿನಕಾಯಿ ಒಡೆದು ತಾವೇ ತೆಗೆದುಕೊಡುವುದು ಅವರ ಯೋಜನೆ. ಮಗಳ ವರದಿಗೆ ಒಂದಿಷ್ಟು ಆಶೀರ್ವಾದವೂ ಆಯಿತು, ವೇಳೆಗೆ ಕೊಟ್ಟಂತೆಯೂ ಆಯಿತು.

ಆದರೆ ಹಿಂದಿನ ವರ್ಷ ಶ್ರೇಯಾ ಪೂಜೆಯ ನಡುವೆಯೇ ಲ್ಯಾಪ್‌ಟಾಪು ಎಗರಿಸಿದ್ದಳು. ಅದಕ್ಕೇ ಈ ಸಲ ಕಪಾಟಿನ ಜಾಲರಿ ಬಾಗಿಲಿಗೆ ಕೆಂಪು ಬೀಗ! ಅದರ ಕೆಳಗೆ ಭಾವನ ಫೋಟೋ, ‘ಅಪಾಯ, ಮುಟ್ಟಬೇಡಿ’. ಒಳಗೆ ದುರ್ಗವ್ವ, ಹೊರಗೆ ಭಾವ.

ಹೋಳಿಗೆ ಇನ್ನೂ ಎಲೆಗೆ ಬಿದ್ದಿರಲಿಲ್ಲ, ಕಾರ್ಖಾನೆಯಿಂದ ಫೋನು ಬಂತು. ಯಾವುದೋ ಕಂಪ್ರೆಸರ್ ನಿಂತುಹೋಗಿದೆ, ಯಲ್ಲಾ, ಬೇಗ ಬಾ. ಭಾವ ಒಂದು ತಾಸಿನಲ್ಲಿ ಬರುತ್ತೇನೆಂದು ಓಡಿದರು. ಬೀಗದ ಕೈ ಜೇಬಿನಲ್ಲೇ ಹೋಯಿತು. ಅಲ್ಲಿ ಒಳಗೆ ಹೋಗುವ ಮೊದಲು ಮೊಬೈಲನ್ನು ಗೇಟಿನಲ್ಲಿ ಕೊಡಬೇಕು. ನಾಲ್ಕಾಯಿತು, ಐದಾಯಿತು, ಫೋನು ಬಡಿದುಕೊಳ್ಳುತ್ತಲೇ ಇದೆ.

“ಮೊಬೈಲಿನ್ಯಾಗ ಕಾಪಿ ಇಲ್ಲೇನ?” ಎಂದೆ ಶ್ರೇಯಾಗೆ.

“ಓನ್ಲಿ ದಿ ಓಲ್ಡ್ ಡ್ರಾಫ್ಟ್, ಮೌಶಿ,” ಎಂದಳು. ಕಣ್ಣು ತುಂಬಿತ್ತು.

“ಅಕ್ಕಾ, ಬೀಗಾ ಒಡದಬಿಡೂಣು.”

“ಖಂಡೆ ಪೂಜಿ ದಿನಾ ದೇವರ ಮನಿ ಬೀಗಾ ಒಡೀತಿ? ಬುದ್ಧಿ ನೆಟ್ಟಗೈತಿಲ್ಲೋ ನಿನಗ?” ಎಂದು ಅಕ್ಕ ಕಪಾಟಿಗೇ ಬೆನ್ನು ಕೊಟ್ಟು ನಿಂತಳು. ಆಮೇಲೆ ತಾನೂ ಅಳು ದನಿಯಲ್ಲಿ, “ಹಾರಿಸ್‌ನ ಕರೀರಿ, ಅಂವ ಒಡದ್ರ ನಮಗ ದ್ವಾಷಾ ಇಲ್ಲ,” ಎಂದಳು. ಹಾರಿಸ್ ಕಟರ್ ಹಿಡಿದು ಠೀವಿಯಿಂದಲೇ ಬಂದ. ಬೀಗ ನೋಡಿದ, ಪಟ್ಟಿ ಓದಿದ, ಭಾವನ ಫೋಟೋವನ್ನೂ ಅದರ ಹಿಂದಿನ ದೇವಿಯ ಫೋಟೋವನ್ನೂ ನೋಡಿದ. “ಲಾ, ಲಾ, ಮದಾಮ್! ಡೇಂಜರ್!” ಎಂದು, ಆಗದೆಂದು ಕೈಯಾಡಿಸಿ, ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದು ಹೋದ. ಒಂದು ಇಡೀ ವರದಿಯ ತುಂಬ ಸರ್ವಾಧಿಕಾರಿ ಎಂದು ಬರೆಸಿಕೊಂಡವನು!

ಕೊನೆಗೆ ಬರಿಗೈಯಲ್ಲೇ ಶ್ರೇಯಾಳನ್ನು ಕಾರಿನಲ್ಲಿ ಕೂರಿಸಿಕೊಂಡು ಕಾಲೇಜಿಗೆ ಹೊರಟೆ. ದಾರಿಯುದ್ದಕ್ಕೂ ಅವಳು ಕಿಟಕಿಯ ಕಡೆ ಮುಖ ಮಾಡಿದ್ದಳು. ಅವಳನ್ನು ಆ ಸ್ಥಿತಿಯಲ್ಲಿ ಬಿಟ್ಟು ಬರಲಾಗದೆ ನಾನೂ ಮೇಲೆ ಹೋಗಿ, ತರಗತಿಯ ಹೊರಗೆ ಕಾರಿಡಾರಿನ ಬೆಂಚಿನ ಮೇಲೆ ಕೂತೆ. ಬಾಗಿಲು ತೆರೆದೇ ಇತ್ತು. ಎಲ್ಲರೂ ಎದ್ದು ಹೋಗಿ ವರದಿ ಕೊಟ್ಟು ಬರುತ್ತಿದ್ದರು. ಶ್ರೇಯಾ ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದಳು.

ಆಗ ಬಂದರು ನೋಡಿ ಭಾವ! ಕಾರ್ಖಾನೆಯ ನೀಲಿ ಅಂಗಿ, ಮಂಡಿಯವರೆಗೆ ಎಣ್ಣೆ ಕಲೆ, ತಲೆಯ ಸುತ್ತ ಹೆಲ್ಮೆಟ್ಟಿನ ಗೆರೆ. ಗೇಟಿನಲ್ಲಿ ಮೊಬೈಲು ನೋಡಿದವರೇ ಎಲ್ಲ ತಿಳಿದು, ಮನೆಗೆ ಹೋಗುವಷ್ಟು ಹೊತ್ತಿಲ್ಲವೆಂದು ನೇರ ಇಲ್ಲಿಗೇ ಬಂದಿದ್ದರು. ನಾನು ಬೆಂಚಿನಿಂದೆದ್ದದ್ದೂ ಅವರಿಗೆ ಕಾಣಲಿಲ್ಲ. ಒಳಗೆ ನುಗ್ಗಿದರು. ಹುಡುಗರು ಕಿಸಕ್ಕನೆ ನಕ್ಕರು. ಭಾವ ಪ್ರೊಫೆಸರರ ಮೇಜಿನ ಮುಂದೆ ನಿಂತು ಬೀಗದ ಕೈಯನ್ನು ಎತ್ತಿ ತೋರಿಸಿದರು.

“ಸರ್, ರಿಪೋರ್ಟ್ ಈಸ್ ರೆಡಿ, ಸರ್. ಇನ್‌ಸೈಡ್ ಗಾಡ್ ಕಪಾಟ್. ಐ ಲಾಕ್. ಓನ್ಲಿ ಮೈ ಮಿಸ್ಟೇಕ್. ದಿಸ್ ಗರ್ಲ್,” ಎಂದು ಹಿಂದಿನ ಸಾಲಿನ ಕಡೆ ಕೈ ಮಾಡಿ, ಮುಖ ಮಾತ್ರ ಆ ಕಡೆ ತಿರುಗಿಸದೆ, “ಐ ಡೋಂಟ್ ನೋ ಹರ್, ಸರ್. ಬಟ್ ವೆರಿ ಗುಡ್ ಗರ್ಲ್. ಆಲ್ ವರ್ಕ್ ಶಿ ಓನ್ಲಿ ಡಿಡ್. ಗಿವ್ ಮಿ ಝೀರೋ, ಸರ್. ಹರ್ ಮಾರ್ಕ್ಸ್ ಪ್ಲೀಸ್ ಡೋಂಟ್ ಕಟ್.”

ನಗು ಇನ್ನೂ ಜೋರಾಯಿತು. ಯಾರೋ ಮೊಬೈಲು ಎತ್ತಿದರು. ಭಾವ ಅಲುಗಲಿಲ್ಲ. ಮಗಳಿಗಾಗಿ ಬೇಡುವಾಗಲೂ ಅವಳು ತಮಗೆ ಯಾರೂ ಅಲ್ಲ ಎಂಬ ಮಾತನ್ನು ಉಳಿಸಿಕೊಂಡು ನಿಂತಿದ್ದರು. ಇಷ್ಟು ವರ್ಷ ಅವರನ್ನು ನೋಡಿ ನಕ್ಕವಳು ನಾನು. ಆಗ ಮಾತ್ರ ನನಗೆ ನಗು ಬರಲಿಲ್ಲ.

ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ಶ್ರೇಯಾ ಎದ್ದು ನಿಂತಿದ್ದಳು.

“ಸರ್, ಹೀ ಈಸ್ ಮೈ ಫಾದರ್.”

ಪ್ರೊಫೆಸರ್ ಒಮ್ಮೆ ಅವಳನ್ನು, ಒಮ್ಮೆ ಭಾವನನ್ನು ನೋಡಿ, ನಿಜವೇ ಎಂಬಂತೆ ಹುಬ್ಬು ಎತ್ತಿದರು. ಭಾವ ಬಾಯಿ ತೆರೆದರು. ಇಂಗ್ಲಿಷ್ ಬರಲಿಲ್ಲ. ಎರಡೂ ಕೈ ಪಕ್ಕಕ್ಕೆ ಇಳಿಬಿಟ್ಟು, ನೆಟ್ಟಗೆ ನಿಂತು, ಊರಿನ ಕನ್ನಡ ಶಾಲೆಯ ಹುಡುಗನ ಹಾಗೆ ಗಟ್ಟಿಯಾಗಿ ಹೇಳಿದರು:

“ಹಾಜರ್ ರೀ ಸರ್!”

ಅಲ್ಲಿ ಯಾರಿಗೂ ಅದು ತಿಳಿಯಲಿಲ್ಲ. ತಿಳಿದದ್ದು ನನಗೆ ಮತ್ತು ಅವಳಿಗೆ. ನಾನು ಕಾರಿಡಾರಿನಲ್ಲಿ ನಿಂತು ಸೆರಗಿನಿಂದ ಮುಖ ಒರೆಸಿಕೊಂಡೆ. ಅವಳು ಪಕ್ಕದ ಕುರ್ಚಿಯ ಮೇಲಿದ್ದ ತನ್ನ ಚೀಲವನ್ನು ತೆಗೆದು ಕೆಳಗಿಟ್ಟು, “ಪಪ್ಪಾ, ಸಾಕು. ಬಾ, ಇಲ್ಲಿ ಕುಂದ್ರು,” ಎಂದಳು.